ಎಂಟನೆಯ ಮಗ್ಗುಲು

ದೊಡ್ಡಬಳ್ಳಾಪುರದಲ್ಲಿ ಆ ದಿನಗಳಲ್ಲಿ ಸಂಗೀತ ಕೇಳಬೇಕಾದರೆ ಅಮಾವಾಸ್ಯೆ ಬರಬೇಕಿತ್ತು. ಉಳಿದ ದಿನ ಬೆಳಗಿನಿಂದ ಸಂಜೆಯವರೆಗೆ ನಮ್ಮ ಬೀದಿಯ ಎರಡೂ ಸಾಲಿನಲ್ಲಿ ಮಗ್ಗಗಳು ನಡೆಯುತ್ತಿದ್ದವು. ಲಾಳಿಯ ಏಟಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಅಲುಗುತ್ತಿತ್ತು. ಅಮಾವಾಸ್ಯೆಯಂದು ನೇಯುವವರು ಮಗ್ಗ ಮುಟ್ಟುತ್ತಿರಲಿಲ್ಲ. ಅಂದು ಮಧ್ಯಾಹ್ನ ಊಟವಾದ ಮೇಲೆ ಬೀದಿ ತಣ್ಣಗಾಗಿ, ನಮ್ಮ ಎದುರುಮನೆಯ ಕಿಟಕಿಯಿಂದ ಯೂರೋಪಿನ ಪಿಟೀಲು ಕೇಳಿಸುತ್ತಿತ್ತು.

ಎದುರುಮನೆಯಲ್ಲಿದ್ದವರು ಅರಮನೆಯ ವಾದ್ಯವೃಂದದಲ್ಲಿ ಎರಡನೆಯ ಸಾಲಿನ ಪಿಟೀಲು ನುಡಿಸಿ ನಿವೃತ್ತರಾದ ಮುದುಕರು. ಬೀದಿಯವರೆಲ್ಲ ಅವರನ್ನು ಅರಮನೆ ತಾತ ಎನ್ನುತ್ತಿದ್ದರು. ಅವರ ಹೆಂಡತಿ, ಅಂದರೆ ಅಜ್ಜಿಯ ತವರೂರು ಇದೇ ಆದ್ದರಿಂದ ಇಬ್ಬರೂ ಇಲ್ಲಿಗೆ ಬಂದು ನೆಲೆಸಿದ್ದರು. ತಾತನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರ ಆಕಾರ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ಅವರ ಬಳಿ ಕೀ ಕೊಡುವ ಒಂದು ಗ್ರಾಮಫೋನ್ ಪೆಟ್ಟಿಗೆ ಇತ್ತು. ಜೊತೆಗೆ ದಪ್ಪ ರಟ್ಟಿನ ಒಂದು ಪುಸ್ತಕ. ಅದರ ನಾಲ್ಕು ಜೇಬುಗಳಲ್ಲಿ ನಾಲ್ಕು ಪ್ಲೇಟುಗಳು. ಯುದ್ಧ ಶುರುವಾದ ಮೇಲೆ ಬೆಂಗಳೂರಿನ ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ಊರು ಬಿಟ್ಟು ಹೊರಟಾಗ ಅವನ ಸಾಮಾನು ಹರಾಜಾಯಿತು. ತಾತ ಈ ಪುಸ್ತಕವನ್ನು ಅಲ್ಲಿ ಹಿಡಿದರು. ಹಿಂದಿನ ಶತಮಾನದ ಒಬ್ಬ ಜರ್ಮನ್ ಸಂಗೀತಗಾರ ಒಂಟಿ ಪಿಟೀಲಿಗೂ ದೊಡ್ಡ ವಾದ್ಯವೃಂದಕ್ಕೂ ಸೇರಿಸಿ ಬರೆದ ಒಂದೇ ಕೃತಿ ಆ ನಾಲ್ಕು ಪ್ಲೇಟುಗಳ ಎಂಟು ಮಗ್ಗುಲುಗಳಲ್ಲಿ ತುಂಬಿತ್ತು. ನಲವತ್ತು ವರ್ಷ ನೌಕರಿ ಮಾಡಿದರೂ ತಾತನಿಗೆ ಅದನ್ನು ನುಡಿಸುವ ಯೋಗ ಬಂದಿರಲಿಲ್ಲ. ಅರಮನೆಯಲ್ಲಿ ಅತಿಥಿಗಳ ಊಟಕ್ಕೆ ಕುಣಿತದ ತುಣುಕುಗಳನ್ನೂ ಮೆರವಣಿಗೆಯ ತುಣುಕುಗಳನ್ನೂ ನುಡಿಸಿದ್ದೇ ಹೆಚ್ಚು.

"ಆ ಶತಮಾನದಲ್ಲಿ ಏನಾಯ್ತು ಗೊತ್ತೇನಯ್ಯ?" ಎಂದು ಅವರು ನನಗೆ ಹೇಳುತ್ತಿದ್ದರು. "ಅಲ್ಲಿವರೆಗೂ ದೊರೆ ಊಟ ಮಾಡೋವಾಗ ನುಡಿಸೋದು, ದೇವರ ಪೂಜೇಲಿ ನುಡಿಸೋದು, ಇಷ್ಟೇ. ಈ ಜರ್ಮನಿಯವನಂಥೋರು ಬಂದು ತಮ್ಮ ದುಃಖ ತಾವು ಬರೆದ್ರು. ತಮ್ಮ ಆಸೆ ತಾವು ಬರೆದ್ರು. ನಾನು ನೋಡು, ಕೊನೇವರೆಗೂ ಊಟದ ಮನೇಲೇ ಉಳ್ಕೊಂಡೆ."

ಒಂದು ಅಮಾವಾಸ್ಯೆ ಪಕ್ಕದ ಮನೆಯ ನೇಕಾರರು ಜಗಲಿಯಿಂದಲೇ ಕೂಗಿ ಕೇಳಿದರು. "ಏನ್ ತಾತ, ಜರ್ಮನಿಯವನ ಹಾಡು ಹಾಕ್ತೀರಂತೆ. ಪೊಲೀಸಿನೋರು ಹಿಡ್ಕೊಂಡ್ ಹೋದ್ರೆ?"

"ಅವನು ಸತ್ತು ಯಾವ ಕಾಲ ಆಯ್ತಪ್ಪ. ಹಿಡಿಯೋರು ಅಲ್ಲಿಗೇ ಹೋಗಬೇಕು," ಎಂದರು ತಾತ.

ನನಗೆ ಆಗ ಇಪ್ಪತ್ತಾರು ವರ್ಷ. ಹಗಲು ನೂಲು ಹಂಚುವ ಕಚೇರಿಯಲ್ಲಿ ಗುಮಾಸ್ತ, ಉಳಿದ ಹೊತ್ತಿನಲ್ಲಿ ಬೆಂಗಳೂರಿನ ಒಂದು ಪತ್ರಿಕೆಗೆ ತಾಲ್ಲೂಕಿನ ವರದಿಗಾರ. ಮಳೆ, ರೇಷ್ಮೆ, ರೇಷನ್ನು, ಕೆರೆ ಏರಿ ಒಡೆದದ್ದು, ಇಂಥ ಸುದ್ದಿಗಳನ್ನು ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದೆ. ಒಂದು ಸಂಗತಿಯನ್ನು ಇಬ್ಬರ ಬಾಯಿಂದ ಕೇಳದೆ ಬರೆಯುತ್ತಿರಲಿಲ್ಲ. ನನ್ನ ವರದಿಗೆ ಒಂದು ಸಲವೂ ತಿದ್ದುಪಡಿ ಹಾಕಬೇಕಾಗಿ ಬಂದಿಲ್ಲವೆಂದು ಸಂಪಾದಕರು ಒಮ್ಮೆ ಕಾರ್ಡು ಬರೆದಿದ್ದರು. ಆ ಕಾರ್ಡನ್ನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಅಮಾವಾಸ್ಯೆಯ ದಿನ ಪ್ಲೇಟು ಹಾಕುವ ಕೆಲಸ ನನ್ನದಾಗಿತ್ತು. ರಟ್ಟಿನ ಪುಸ್ತಕದ ಮೊದಲ ಜೇಬಿನಿಂದ ಪ್ಲೇಟು ತೆಗೆದು ಹಾಕುವುದು, ಮುಗಿದ ಮೇಲೆ ಅದನ್ನೇ ಮಗುಚುವುದು, ಆಮೇಲೆ ಎರಡನೆಯ ಜೇಬು. ನಮ್ಮ ಸಂಗೀತದ ಪ್ಲೇಟುಗಳೆಲ್ಲ ಹಾಗೇ ತಾನೆ. ಹಾಡಿನ ಮೊದಲರ್ಧ ಮೇಲೆ, ಉಳಿದರ್ಧ ಹಿಂದೆ. ಬೇರೆ ಥರ ಇರಬಹುದೆಂದು ಯೋಚಿಸಲು ನಮಗೆ ಕಾರಣವೇ ಇರಲಿಲ್ಲ. ಯುದ್ಧದಿಂದಾಗಿ ಪ್ಲೇಟಿನ ಮೇಲೆ ಓಡುವ ಉಕ್ಕಿನ ಪಿನ್ನು ಸಿಗದೆ, ಒಣಗಿದ ಜಾಲಿ ಮುಳ್ಳನ್ನು ಚೂಪು ಮಾಡಿ ಮಗ್ಗುಲಿಗೊಂದರಂತೆ ಹಾಕುತ್ತಿದ್ದೆವು.

ನನಗೆ ಪಿಟೀಲು ಕಲಿಯುವ ಆಸೆಯಿತ್ತು. ತಾತನ ಪಿಟೀಲು ಗೋಡೆಯ ಗೂಟದಲ್ಲಿ ಹಳದಿ ಚೀಲದೊಳಗೆ ತೂಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಅವರು ಪಿಟೀಲು ಇಳಿಸಿ ಒಂದು ಸಣ್ಣ ಸಾಲು ನುಡಿಸಿ, "ಹೇಳು," ಎಂದರು. ನಾನು ಹಾಡಿದೆ. ಇನ್ನೊಮ್ಮೆ ನುಡಿಸಿದರು. ಇನ್ನೊಮ್ಮೆ ಹಾಡಿದೆ. ಎರಡು ಸಲವೂ ಒಂದೇ ಜಾಗದಲ್ಲಿ ದಾರಿ ತಪ್ಪಿತು.

"ಒಂದು ಪಿಟೀಲು ಐತೆ. ಬೆರಳಲ್ಲಿ ಇನ್ನೆರಡು ವರ್ಷ ಶಕ್ತಿ ಇದ್ದೀತು," ಎಂದರು ತಾತ. "ಒಬ್ಬರಿಗೆ ಒಪ್ಪಿಸಬಹುದು, ಕಿವಿ ಇದ್ದೋರಿಗೆ. ನಿನಗೆ ಬರವಣಿಗೆ ಚೆನ್ನಾಗಿದೆಯಯ್ಯ. ಬರಿ."

ನಾನು ಬರೆದೆ. ಆ ಸಂಗೀತಗಾರನ ಬಗ್ಗೆ ತಾತ ಹೇಳಿದ್ದನ್ನೂ ನಾನು ಕೇಳಿದ್ದನ್ನೂ ಸೇರಿಸಿ ಒಂದು ಲೇಖನ ಮಾಡಿದೆ. ಆ ಕೃತಿಯಲ್ಲಿ ಎರಡನೆಯ ಮಗ್ಗುಲಿಗೇ ವಾದ್ಯಗಳೆಲ್ಲ ಒಟ್ಟಿಗೆ ಎದ್ದು, ಓಡಿ, ಮೂರು ಸಲ ಗಟ್ಟಿಯಾಗಿ ಬಡಿದು ನಿಂತುಬಿಡುತ್ತಿದ್ದವು. ಮೂರನೆಯದರಲ್ಲಿ ಏನೂ ಆಗದಂತೆ ಮತ್ತೆ ಮೊದಲಿನ ಮಾತು. ಎಂಟನೆಯದು ಒಂದು ನಿಧಾನದ ರಾಗದ ನಡುವೆ, ಮಾತು ಅರ್ಧಕ್ಕೆ ಬಿಟ್ಟಂತೆ ಮುಗಿಯುತ್ತಿತ್ತು. ಇದೇಕೆ ಹೀಗೆ ಎಂದು ತಾತನನ್ನು ಕೇಳಿದ್ದೆ. "ಅವರು ಹಂಗೇ ಕಣಯ್ಯ. ಹಳೇ ನಿಯಮ ಮುರಿಯೋದೇ ಅವರ ಹಟ," ಎಂದಿದ್ದರು. ಅದನ್ನೇ ನಾನು ಬಣ್ಣ ಕಟ್ಟಿ ಬರೆದೆ. ಮುಕ್ತಾಯವನ್ನು ಎರಡನೆಯ ಹೆಜ್ಜೆಯಲ್ಲೇ ಇಟ್ಟು ಕೊನೆಯನ್ನು ಪ್ರಶ್ನೆಯಾಗಿ ತೂಗಬಿಟ್ಟ ಧೀರ ಎಂದು ಹೊಗಳಿದೆ. ಪತ್ರಿಕೆ ಅದನ್ನು ಭಾನುವಾರದ ಪುಟದಲ್ಲಿ ಹಾಕಿತು. ಶಾಲೆಯ ಮೇಷ್ಟರೊಬ್ಬರು ಕತ್ತರಿಸಿ ಗೋಡೆಗೆ ಅಂಟಿಸಿದರು.

ಅದಾದ ಎರಡು ತಿಂಗಳಿಗೆ ನನ್ನ ಮದುವೆಯಾಯಿತು. ಹೆಂಡತಿ ತೂಬಗೆರೆ ಕಡೆಯ ಹೊಲಮನೆಯವಳು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆ. ಕನ್ನಡ ಓದುತ್ತಿದ್ದಳು, ಲೆಕ್ಕವನ್ನು ಕನ್ನಡದ ಅಂಕಿಯಲ್ಲಿ ಮಾಡುತ್ತಿದ್ದಳು. ಇಂಗ್ಲಿಷಿನ ಒಂದು ಅಕ್ಷರವಾಗಲಿ ಅಂಕಿಯಾಗಲಿ ಅವಳಿಗೆ ತಿಳಿಯದು. ಮಾತು ಕಡಿಮೆ. ರಾಗಿ ಬೀಸುವಾಗ ಮಾತ್ರ ಅವಳ ದನಿ ಮನೆಯಲ್ಲಿ ಕೇಳಿಸುತ್ತಿತ್ತು.

ಮೊದಲ ಅಮಾವಾಸ್ಯೆಗೆ ಅವಳನ್ನೂ ಎದುರುಮನೆಗೆ ಕರೆದುಕೊಂಡು ಹೋದೆ. ಹೆಂಡತಿಗೆ ನನ್ನ ದೊಡ್ಡಸ್ತಿಕೆ ತೋರಿಸುವುದು ಉದ್ದೇಶವಾಗಿತ್ತು. ನಾನೂ ತಾತನೂ ನಡುಮನೆಯಲ್ಲಿ. ಅವಳು ಅಡುಗೆಮನೆಯ ಬಾಗಿಲಾಚೆ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಳು. ಎರಡನೆಯ ಮಗ್ಗುಲು ಮೂರು ಸಲ ಬಡಿದು ನಿಂತಿತು. ಒಳಗಿನಿಂದ ಅವಳ ದನಿ ಕೇಳಿತು.

"ಮುಗೀತಾ ಅಜ್ಜಿ?"

"ಇನ್ನೂ ಮೂರು ಪ್ಲೇಟು ಐತೆ ಕಣಮ್ಮ," ಎಂದರು ಅಜ್ಜಿ.

"ಅಲ್ಲಜ್ಜಿ, ಮುಗೀತಲ್ಲ. ರಾಗಿ ಬೀಸಿ ಆದ್ಮೇಲೆ ಕಲ್ಲಿಗೆ ಕೈ ಮುಗ್ದು ಏಳ್ತೀವಲ್ಲ, ಹಂಗೆ ಆಯ್ತು. ಇನ್ನು ಬೀಸಕ್ಕೆ ಏನ್ ಉಳ್ದೈತೆ?"

"ಸುಮ್ನಿರು," ಎಂದೆ ನಾನು.

ತಾತ ನಕ್ಕರು. ನಿಯಮ ಮುರಿಯುವವರ ವಿಷಯ ಅವಳಿಗೂ ಹೇಳಿದರು. ಆಮೇಲೆ ಏನೋ ಯೋಚಿಸಿ, "ಈಗ ಏನು ಕೇಳಿದೆಯಮ್ಮ? ಗುನುಗು ನೋಡೋಣ," ಎಂದರು. ಅವಳು ಅವರೆಕಾಯಿ ಸುಲಿಯುತ್ತಲೇ ಗುನುಗಿದಳು. ಮೊದಲ ಮಗ್ಗುಲಿನಲ್ಲಿ ಪಿಟೀಲು ಒಂಟಿಯಾಗಿ ಏರುವ ಜಾಗ. ನಾನು ಹತ್ತಿಪ್ಪತ್ತು ಸಲ ಕೇಳಿ, ಎರಡು ಪುಟ ಬರೆದು, ಒಂದು ಸಲವೂ ಬಾಯಲ್ಲಿ ಹಿಡಿಯಲಾಗದ ಜಾಗ ಅದು.

ತಾತ ತಮ್ಮ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿಸಿಕೊಂಡರು. ಅದು ಮತ್ತೆ ನನ್ನ ಕಡೆಗೆ ತಿರುಗಲಿಲ್ಲ.

ಮುಂದಿನ ಅಮಾವಾಸ್ಯೆಗಳಲ್ಲಿ ಅವರು ಕೇಳುವ ಪ್ರಶ್ನೆಗಳೆಲ್ಲ ಬಾಗಿಲಾಚೆಗೆ ಹೋಗುತ್ತಿದ್ದವು. "ಅಲ್ಲಿ ಕೆಳಗಿನಿಂದ ಏನೋ ಬಂತಲ್ಲ, ಏನಮ್ಮ ಅದು?" "ತುತ್ತೂರಿ ಥರದ್ದು ತಾತ, ಆದ್ರೆ ಮೆತ್ತಗೆ." "ಆಹಾ." ನಾನು ಕೀ ಕೊಡುತ್ತಿದ್ದೆ, ಮುಳ್ಳು ಬದಲಾಯಿಸುತ್ತಿದ್ದೆ. ಆ ಮುಳ್ಳುಗಳನ್ನೂ ಈಗ ಅವಳೇ ತವರಿನಿಂದ ಆರಿಸಿ ತರುತ್ತಿದ್ದಳು. ಅವು ನನ್ನವಕ್ಕಿಂತ ಚೆನ್ನಾಗಿದ್ದವು, ಪ್ಲೇಟಿನ ಮೇಲೆ ಕರಕರ ಎನ್ನುತ್ತಿರಲಿಲ್ಲ. ಇದನ್ನೂ ತಾತ ಎರಡು ಸಲ ಹೇಳಿದರು.

ಮೂರನೆಯ ಅಮಾವಾಸ್ಯೆಯೋ ನಾಲ್ಕನೆಯದೋ, ತಾತ ನೇರವಾಗಿ ಕೇಳಿದರು. "ಈ ಹುಡುಗಿಗೆ ಪಿಟೀಲು ಹೇಳಿಕೊಡ್ತೀನಿ. ಹಗಲು ಹೊತ್ತು ಅಜ್ಜಿ ಜೊತೇಲೇ ಇರ್ತಾಳೆ. ಏನಂತೀಯ?"

ಅವಳು ಬಾಗಿಲಿಗೆ ಬಂದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋಡೋಣ ತಾತ," ಎಂದೆ.

ಅಂದು ಹೊರಡುವ ಮೊದಲು ಪ್ಲೇಟುಗಳನ್ನು ಜೇಬಿಗೆ ಸೇರಿಸುತ್ತಿದ್ದೆ. ಅವಳ ಕಿವಿ ತಪ್ಪೆಂದು ತೋರಿಸಲು ಏನಾದರೂ ಆಧಾರ ಸಿಕ್ಕೀತೇ ಎಂದು ಮೊದಲ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವಿನ ಕೆಂಪು ಕಾಗದದಲ್ಲಿ ಕೃತಿಯ ಹೆಸರು, ಬರೆದವನ ಹೆಸರು, ನುಡಿಸಿದವನ ಹೆಸರು. ಇವನ್ನು ನಾನು ಮೊದಲೇ ಓದಿದ್ದೆ. ಅದರ ಕೆಳಗೆ ಬಂಗಾರದ ಬಣ್ಣದಲ್ಲಿ ಭಾಗ ಒಂದು ಎಂದಿತ್ತು. ಮಗುಚಿದೆ. ಭಾಗ ಎಂಟು. ಎರಡನೆಯ ಪ್ಲೇಟಿನ ಒಂದು ಕಡೆ ಎರಡು, ಇನ್ನೊಂದು ಕಡೆ ಏಳು. ಪುಸ್ತಕ ಮುಚ್ಚಿ ಕಟ್ಟಿದೆ. ತಲೆಯೆತ್ತಿದಾಗ ಅವಳು ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನನಗಾಗಿ ಕಾಯುತ್ತಿದ್ದಳು.

ಒಂದೇ ಆಧಾರ ಸಾಲದೆಂಬುದು ನನ್ನ ಪದ್ಧತಿ. ಆ ವಾರ ಪತ್ರಿಕೆಯ ಕಚೇರಿಗೆಂದು ಬೆಂಗಳೂರಿಗೆ ಹೋದಾಗ ದಂಡಿನ ಒಂದು ಪ್ಲೇಟಿನ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಬೀರುವಿನಷ್ಟು ದೊಡ್ಡ ಒಂದು ಯಂತ್ರ ತೋರಿಸಿದರು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಅದು ತಾನೇ ಒಂದೊಂದನ್ನು ಬೀಳಿಸಿಕೊಂಡು ನುಡಿಸುತ್ತಿತ್ತು.

"ಒಂದು, ಎರಡು, ಮೂರು, ನಾಲ್ಕು ಹಂಗೇ ಬೀಳ್ತವೆ ಸಾರ್. ಆಮೇಲೆ ಇಡೀ ಕಟ್ಟನ್ನ ಒಟ್ಟಿಗೆ ಮಗುಚಿ ಇಟ್ರೆ ಐದು, ಆರು, ಏಳು, ಎಂಟು. ಅದಕ್ಕೇ ಒಂದರ ಬೆನ್ನಿಗೆ ಎಂಟು," ಎಂದರು. "ಕೈ ಪೆಟ್ಟಿಗೇಲಿ ಹಾಕೋರು ಅಂಕಿ ನೋಡಿ ಹಾಕಬೇಕು. ನೀವು ಹೆಂಗ್ ಹಾಕ್ತಿದ್ರಿ?"

"ಹಂಗೇ," ಎಂದೆ.

ಅಲ್ಲಿಗೆ ಸಂಗತಿ ಖಚಿತವಾಯಿತು. ಆ ದೊರೆಯ ಯಂತ್ರ ಹರಾಜಿನಲ್ಲಿ ಬೇರೆ ಯಾರಿಗೋ ಹೋಗಿರಬೇಕು. ಪ್ಲೇಟು ಮಾತ್ರ ನಮ್ಮ ಬೀದಿಗೆ ಬಂದಿತ್ತು. ನಾವು ಒಂದರ ನಂತರ ಎಂಟನ್ನು, ಎರಡರ ನಂತರ ಏಳನ್ನು ಕೇಳುತ್ತಿದ್ದೆವು. ನಾನು ಹೊಗಳಿ ಬರೆದದ್ದು ಯಾವ ಜರ್ಮನನೂ ಬರೆಯದ ಸಂಗೀತವನ್ನು. ಮುಗಿದುಹೋಯಿತು ಎಂದು ಅವಳು ಹೇಳಿದ್ದು ನಿಜಕ್ಕೂ ಮುಗಿದ ಜಾಗವನ್ನೇ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ತಿದ್ದುಪಡಿಯ ಸಾಲುಗಳನ್ನು ಮನಸ್ಸಿನಲ್ಲಿ ಬರೆದೆ. ನನ್ನ ಮೊದಲ ತಿದ್ದುಪಡಿಯಾಗುತ್ತಿತ್ತು. ಬರೆಯಬಹುದಿತ್ತು. ಆದರೆ ತಾತನಿಗೂ ಹೇಳಬೇಕಾಗುತ್ತಿತ್ತು. ಹೇಳಿದರೆ ಅವರು ಕುರ್ಚಿಯಿಂದ ಎದ್ದು ಅಡುಗೆಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು. ಆ ದೃಶ್ಯ ಕಣ್ಣಿಗೆ ಕಟ್ಟಿತು. ಮನೆಗೆ ಬಂದು ಕಾಲು ತೊಳೆದು, ಊಟ ಮಾಡಿದೆ. ಏನೂ ಹೇಳಲಿಲ್ಲ.

ಕೆಲವು ದಿನಗಳ ನಂತರ ಅವಳೇ ಆ ಮಾತು ತೆಗೆದಳು. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗೂಟ ನೆಟ್ಟು, ಮಗ್ಗಕ್ಕೆ ಏರಿಸುವ ಉದ್ದ ನೂಲಿನ ಹಾಸು ಎಳೆಯುತ್ತಿದ್ದರು. ನೂಲು ಹಿಡಿದ ಹೆಂಗಸರು ಒಂದು ಗೂಟ ಬಿಟ್ಟು ಒಂದಕ್ಕೆ ಎಳೆ ತೊಡಿಸುತ್ತ ಬೀದಿಯ ತುದಿಗೆ ಹೋಗಿ, ಬಿಟ್ಟ ಗೂಟಗಳಿಗೆ ತೊಡಿಸುತ್ತ ಹಿಂದಕ್ಕೆ ಬರುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ತಾತನ ಪ್ಲೇಟು ಹಿಂಗೇ ಕಣ್ರೀ," ಎಂದಳು. "ಮೊದಲನೇದು ನಿಂತ ಕಡೇಗೆ ಮೂರನೇದರ ತುದಿ ಕೂಡುತ್ತೆ. ಮೂರನೇದಕ್ಕೆ ಐದನೇದು. ಒಂದು ಬಿಟ್ಟು ಒಂದು ಹೋಗಿ, ಆಮೇಲೆ ಬಿಟ್ಟಿದ್ದನ್ನ ಹಿಡ್ಕೊಂಡು ವಾಪಸ್ ಬಂದ್ರೆ ಎರಡನೇದು ಕೊನೇಗೆ ಬರುತ್ತೆ. ಆಗ ಸರಿಯಾಗುತ್ತೆ."

ನನಗೆ ಅಂಗಡಿಯಲ್ಲಿ ಯಂತ್ರ ನೋಡಿ ತಿಳಿದದ್ದು ಅವಳಿಗೆ ಹೊಸ್ತಿಲಲ್ಲಿ ನಿಂತು ತಿಳಿದಿತ್ತು.

"ನಿನಗೆ ಹಾಗನ್ನಿಸುತ್ತೆ," ಎಂದೆ. "ಅರಮನೇಲಿ ನಲವತ್ತು ವರ್ಷ ನುಡಿಸಿದೋರಿಗೆ ನೀನು ಹೇಳಿಕೊಡಕ್ಕೆ ಹೋಗ್ತೀಯಾ? ತಾತನ ಹತ್ರ ಈ ಮಾತು ಆಡಬೇಡ."

"ಆಯ್ತು," ಎಂದಳು. ಬಾಗಿಲು ಬಿಟ್ಟು ಒಳಗೆ ಬಂದು, "ಪಿಟೀಲು ಕಲೀಲಾ?" ಎಂದು ಕೇಳಿದಳು. ಅಷ್ಟು ದಿನದಲ್ಲಿ ಅವಳು ತನಗೆಂದು ನನ್ನನ್ನು ಕೇಳಿದ್ದು ಅದೊಂದೇ.

"ನೋಡೋಣ ಅಂದೆನಲ್ಲ."

ಮಳೆಗಾಲ ಕಳೆಯಿತು. ತಾತ ಇನ್ನೊಮ್ಮೆ ಕೇಳಿದರು. ಕಚೇರಿಯ ಕೆಲಸ, ಅಮ್ಮನ ಆರೋಗ್ಯ ಎಂದು ನಾನು ಏನೇನೋ ಹೇಳಿದೆ. ನಾನು ಬೇಡವೆಂದು ಯಾವತ್ತೂ ಹೇಳಲಿಲ್ಲ. ನೂಲಿನ ಕಚೇರಿಯಲ್ಲಿ ಅರ್ಜಿಗಳನ್ನು ಹೇಗೆ ಮೇಜಿನ ಮೇಲೆ ಇಟ್ಟುಕೊಂಡಿರುತ್ತಿದ್ದೆವೋ ಹಾಗೆ ಅವಳ ಮಾತನ್ನೂ ಇಟ್ಟುಕೊಂಡಿದ್ದೆ. ಪ್ರತಿ ಅಮಾವಾಸ್ಯೆ ಒಂದರ ನಂತರ ಎಂಟನ್ನು ತಿಳಿದೇ ಹಾಕುತ್ತಿದ್ದೆ. ಮೂರು ಸಲ ಬಡಿದು ನಿಂತಾಗ ಒಳಗಿನಿಂದ ಯಾವ ಮಾತೂ ಬರುತ್ತಿರಲಿಲ್ಲ. ಆ ಮೌನದಲ್ಲಿ ಅವಳು ಸರಿಯಾದ ಸಂಗೀತ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ದೀಪಾವಳಿಯ ಹೊತ್ತಿಗೆ ತಾತನ ಕಣ್ಣು ಪೂರ್ತಿ ಮಂಜಾಯಿತು. ಮೈಸೂರಿನಲ್ಲಿದ್ದ ಮಗಳು ಬಂದು ಕರೆದೊಯ್ಯುವುದೆಂದು ತೀರ್ಮಾನವಾಯಿತು. ಹೊರಡುವ ಮೊದಲು ಒಂದು ಅಮಾವಾಸ್ಯೆ ಉಳಿದಿತ್ತು. ಅದರ ಹಿಂದಿನ ವಾರವೆಲ್ಲ ನನ್ನ ಹೆಂಡತಿ ಅಜ್ಜಿಗೆ ಸಾಮಾನು ಕಟ್ಟಲು ಹೋಗುತ್ತಿದ್ದಳು.

ಆ ದಿನ ರಟ್ಟಿನ ಪುಸ್ತಕ ತೆಗೆದು ಮೊದಲ ಪ್ಲೇಟು ಹೊರಗೆಳೆದೆ. ನಡುವಿನ ಕೆಂಪು ಕಾಗದದ ಅಂಚಿನಲ್ಲಿ ಎಲೆಯಡಿಕೆಯ ಸುಣ್ಣದಿಂದ ಒಂದು ಚುಕ್ಕೆ ಇಟ್ಟಿತ್ತು. ಮಗುಚಿದರೆ, ರಂಗೋಲಿಗೆ ಇಡುವಂತೆ ಸಾಲಾಗಿ ಎಂಟು ಚುಕ್ಕೆ.

"ಚುಕ್ಕೆ ನೋಡ್ಕೊಂಡು ಹಾಕಪ್ಪ," ಎಂದರು ಅಜ್ಜಿ. "ನಿನ್ನ ಹೆಂಡ್ತಿ ಇಟ್ಟಿದ್ದು. ಮಗ್ಗ ಆಡೋವಾಗಲೇ ಪೆಟ್ಟಿಗೆಗೆ ಕಿವಿ ಹಚ್ಚಿಕೊಂಡು ಒಂದೊಂದೇ ಕೇಳಿ ಇಟ್ಲು. ನಾನೇ ಇಡು ಅಂದೆ. ಹೊರಡೋ ಹೊತ್ತಲ್ಲಿ ಇನ್ನೇನು."

ನಾಲ್ಕೂ ಪ್ಲೇಟು ನೋಡಿದೆ. ಎಂಟು ಕಡೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಚುಕ್ಕೆಗಳ ಪಕ್ಕದಲ್ಲೇ ಬಂಗಾರದ ಅಂಕಿಗಳಿದ್ದವು.

ಚುಕ್ಕೆಯ ಪ್ರಕಾರ ಹಾಕಿದೆ. ಮೊದಲ ನಾಲ್ಕು, ಪ್ಲೇಟು ಬದಲಾಯಿಸುತ್ತ, ಮಗುಚದೆ. ಆಮೇಲೆ ಉಳಿದ ನಾಲ್ಕು. ನಿಧಾನದ ರಾಗ ಈಗ ಅರ್ಧಕ್ಕೆ ನಿಲ್ಲಲಿಲ್ಲ. ಐದರಲ್ಲಿ ಬಿಟ್ಟದ್ದನ್ನು ಆರು ಎತ್ತಿಕೊಂಡಿತು. ಏಳರ ಓಟ ಎಂಟಕ್ಕೆ ಬಂದು, ವಾದ್ಯಗಳೆಲ್ಲ ಸೇರಿ, ಮೂರು ಸಲ ಬಡಿದು ಮುಗಿಯಿತು. ತಾತನ ಪೊರೆಗಣ್ಣಿನಿಂದ ನೀರಿಳಿಯುತ್ತಿತ್ತು.

"ಇಷ್ಟು ದಿನ ನಾನೇನು ಕೇಳಿದೆ ಹಾಗಾದ್ರೆ?" ಎಂದರು ಕೊನೆಗೆ. ಆಮೇಲೆ ಕುರ್ಚಿಯಲ್ಲೇ ಹೊರಳಿ ನಾನಿದ್ದ ದಿಕ್ಕಿಗೆ ಮುಖ ಮಾಡಿ ಕೇಳಿದರು. "ನೀನು ಓದು ಬಲ್ಲವನು. ಅದರ ಮೇಲೆ ಏನೂ ಬರೆದಿರಲಿಲ್ವೇನಯ್ಯ?"

ಅವಳು ಬಾಗಿಲಲ್ಲಿದ್ದಳು.

"ಸಣ್ಣ ಅಕ್ಷರ ತಾತ. ಗಮನಿಸಲಿಲ್ಲ," ಎಂದೆ.

ಅವರು ತಲೆಯಾಡಿಸಿದರು. ಗೋಡೆಯ ಗೂಟ ಖಾಲಿಯಿತ್ತು. ಹಳದಿ ಚೀಲ ಆಗಲೇ ಹಾಸಿಗೆಯ ಸುರುಳಿಯೊಳಗೆ ಸೇರಿತ್ತು. "ಪಿಟೀಲು ನಿನಗೆ ಕೊಡಬೇಕಿತ್ತಮ್ಮ," ಎಂದು ಅವಳಿಗೆ ಹೇಳಿದರು. "ಎರಡು ಸಾರಿ ಕೇಳಿದೆ. ನಿಮ್ಮ ಮನೆಯಿಂದ ಜವಾಬು ಬರಲಿಲ್ಲ. ಮೊಮ್ಮಗಳಿಗೆ ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಪ್ಲೇಟು ನೀನು ಇಟ್ಕೊ. ನಿನಗೆ ಪೆಟ್ಟಿಗೆ ಬೇಕಾಗಲ್ಲ."

ಪುಸ್ತಕವನ್ನು ಅವಳೇ ಎದೆಗವಚಿಕೊಂಡು ಬೀದಿ ದಾಟಿದಳು. ಮನೆಗೆ ಬಂದ ಮೇಲೆ ನನ್ನ ಸುದ್ದಿ ಬರೆಯುವ ಕಾಗದವನ್ನೂ ಪೆನ್ಸಿಲನ್ನೂ ತಂದು ಮುಂದಿಟ್ಟಳು.

"ಇಂಗ್ಲಿಷಿನಲ್ಲಿ ಒಂದರಿಂದ ಎಂಟರವರೆಗೂ ಬರೀರಿ."

ಬರೆದುಕೊಟ್ಟೆ. ಅವಳು ದೀಪ ಹತ್ತಿರಕ್ಕೆಳೆದು, ಒಂದೊಂದು ಪ್ಲೇಟನ್ನೂ ತೆಗೆದು, ಕಾಗದದ ಅಂಕಿ, ಪ್ಲೇಟಿನ ಅಂಕಿ, ತನ್ನ ಚುಕ್ಕೆ, ಮೂರನ್ನೂ ಹೋಲಿಸಿ ನೋಡಿದಳು. ಅವಸರ ಮಾಡಲಿಲ್ಲ. ಎಂಟೂ ಆದ ಮೇಲೆ ಪುಸ್ತಕ ಮುಚ್ಚಿದಳು.

"ಸಣ್ಣದೇನಲ್ಲ. ದೊಡ್ಡದಾಗೇ ಐತೆ," ಎಂದಳು. "ಅವತ್ತು ಕಿಟಕಿ ಹತ್ರ ಹಿಡಿದು ನೋಡಿದ್ರಲ್ಲ." ಎದ್ದು ಒಲೆ ಹಚ್ಚಲು ಹೋದಳು.

ಮಾರನೆಯ ವಾರ ತಾತನಿಗೆ ಮೈಸೂರಿಗೆ ಕಾರ್ಡು ಬರೆದು ನಡೆದದ್ದನ್ನು ತಿಳಿಸಿದೆ. ಜವಾಬು ಬರಲಿಲ್ಲ. ಪತ್ರಿಕೆಗೆ ತಿದ್ದುಪಡಿಯನ್ನೂ ಕಳಿಸಿದೆ. ಓದುಗರಿಂದ ದೂರು ಬಂದಿಲ್ಲವಾದ್ದರಿಂದ ಅಗತ್ಯವಿಲ್ಲವೆಂದು ಸಂಪಾದಕರು ಹಿಂದಿರುಗಿಸಿದರು. ಮುಂದೆ ನಾನು ಬೆಂಗಳೂರಿಗೆ ಹೋಗಿ ಅದೇ ಪತ್ರಿಕೆಯ ಮೇಜಿನಲ್ಲಿ ಬೇರೆಯವರ ತಪ್ಪುಗಳನ್ನು ತಿದ್ದುತ್ತ ಬಹಳ ವರ್ಷ ಕೂತೆ. ಆ ನಾಲ್ಕು ಪ್ಲೇಟುಗಳು ನಮ್ಮ ಜೊತೆ ಮೂರು ಮನೆ ಬದಲಾಯಿಸಿವೆ. ನುಡಿಸುವ ಪೆಟ್ಟಿಗೆಯನ್ನು ನಾನು ಕೊಳ್ಳಲಿಲ್ಲ. ಕೊಳ್ಳಿ ಎಂದು ಅವಳು ಕೇಳಲಿಲ್ಲ.

ಅಕ್ಕಿ ಆರಿಸುವಾಗ ಅವಳು ಇಂದಿಗೂ ಅದನ್ನು ಗುನುಗುತ್ತಾಳೆ, ಮೊದಲಿನಿಂದ ಕೊನೆಯವರೆಗೆ. ನಾನು ಕೋಣೆಗೆ ಹೋದರೆ ನಿಲ್ಲಿಸಿಬಿಡುತ್ತಾಳೆ. ಹಾಗಾಗಿ ಬಾಗಿಲಾಚೆ ನಿಂತು ಕೇಳುತ್ತೇನೆ. ನಾಲ್ಕನೆಯ ಮಗ್ಗುಲು ಎಲ್ಲಿ ಮುಗಿದು ಐದನೆಯದು ಎಲ್ಲಿ ಶುರುವಾಯಿತೆಂದು ಒಂದು ಸಲವೂ ನನಗೆ ಗೊತ್ತಾಗಿಲ್ಲ.